ಸ್ವೆಟರಿನ ಅಂಚಿನ ಸೀಸ

ತೂಕ ಕಮ್ಮಿ ಎಂದರೆ ಬೆಸ್ತ ಬಾಲ್ದುರನಿಗೆ ಮೀನಿನ ವಿಷಯದಲ್ಲೇ ಸಹಿಸಲಾಗುತ್ತಿರಲಿಲ್ಲ. ಇನ್ನು ಹೆಂಡತಿಯ ವಿಷಯದಲ್ಲಿ ಕೇಳಬೇಕೆ! ಏಳು ತಿಂಗಳ ಬಸುರಿ ಲೋವೀಸಾಳನ್ನು ತೂಗಿದ ನರ್ಸ್ ಮಾರ್ಲೀನ್, "ಏರಬೇಕಾದಷ್ಟು ಏರಿಲ್ಲಮ್ಮ. ಮುಂದಿನ ವಾರವೂ ಹೀಗೇ ಆದ್ರೆ ಹೆರಿಗೆ ಆಗೋತನಕ ವಿನಿಪೆಗ್ ಆಸ್ಪತ್ರೇಲೇ ಇರ್ಬೇಕಾಗುತ್ತೆ" ಎಂದುಬಿಟ್ಟಿದ್ದಳು.

ಅಂದಿನಿಂದ ಸರೋವರದಂಚಿನ ಗಿಮ್ಲಿ ಊರಿನ ಆ ಪುಟ್ಟ ಮನೆಯಲ್ಲಿ ಅಖಂಡ ಭೋಜನಯಜ್ಞ. ಬೆಣ್ಣೆಯಲ್ಲಿ ಹುರಿದ ಮೀನು, ಗಟ್ಟಿ ಮೊಸರು, ಒಣಪ್ಲಮ್ ತುಂಬಿದ ಪದರಪದರದ ಕೇಕು.

"ಇನ್ನೊಂದೇ ತುಂಡು, ಬಂಗಾರ."

"ನಾನೇನು ಹಬ್ಬಕ್ಕೆ ಕೊಬ್ಬಿಸೋ ಟರ್ಕಿ ಕೋಳಿನಾ ಮಾರಾಯ? ಹೊಟ್ಟೇಲಿ ಮಗೂಗೂ ಜಾಗ ಬೇಡ್ವಾ?"

ಬೈಯುತ್ತಲೇ ತಿಂದಳು. ಆದರೂ ಅವನ ಭಯ ಹೋಗಲಿಲ್ಲ. ಅವಳಿಲ್ಲದ ಮನೆ, ಸೊರಗಿದ ಕೂಸು, ದೂರದ ಆಸ್ಪತ್ರೆ. ಕ್ಲಿನಿಕ್ಕಿಗೆ ಹೋಗುವ ಹಿಂದಿನ ಸಂಜೆ ದಿವ್ಯಜ್ಞಾನವಾಯಿತು. ಅಲ್ಲಿನ ಚಳಿಗೆ ಅವಳು ಸ್ವೆಟರು ಹಾಕಿಕೊಂಡೇ ತೂಕಕ್ಕೆ ನಿಲ್ಲುತ್ತಾಳಲ್ಲ! ಬಲೆ ಮುಳುಗಿಸುವ ಸೀಸದ ಗುಂಡುಗಳನ್ನು ಅದರ ಅಂಚಿನೊಳಗೆ ಸಾಲಾಗಿ ಹೊಲಿದುಬಿಟ್ಟ. (ಬಲೆ ಹೊಲಿದ ಕೈಗೆ ಸ್ವೆಟರು ಯಾವ ಲೆಕ್ಕ?)

"ಯಾಕೋ ಇವತ್ತು ಬೆನ್ನು ಎಳೀತಾ ಇದೆ ಕಣೋ" ಎಂದಳು ಲೋವೀಸಾ ದಾರಿಯಲ್ಲಿ.

"ಮಗು ಬೆಳೀತಾ ಇದೆ, ಬಂಗಾರ."

ತೂಕದ ಮುಳ್ಳು ಸರ್ರನೆ ಏರಿತು. ಬಾಲ್ದುರ್ ಎದೆ ಉಬ್ಬಿಸಿದ. ಮಾರ್ಲೀನ್ ಮಾತ್ರ ನಗಲಿಲ್ಲ. ಲೋವೀಸಾಳ ಪಾದ ಒತ್ತಿ ನೋಡಿದಳು, ಮತ್ತೆ ಮುಳ್ಳು ನೋಡಿದಳು.

"ಒಂದೇ ವಾರಕ್ಕೆ ಇಷ್ಟು ಏರಬಾರದು. ಮೈಯಲ್ಲಿ ನೀರು ತುಂಬಿರಬಹುದು, ಗರ್ಭದ ನಂಜಿರಬಹುದು. ಈಗಲೇ ವಿನಿಪೆಗ್‌ಗೆ ಹೊರಡಬೇಕು" ಎಂದು ಫೋನ್ ಎತ್ತಿದಳು.

ಲೋವೀಸಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಮಗೂಗೆ ಏನಾದ್ರೂ ಆಗುತ್ತಾ ಸಿಸ್ಟರ್?" ಎಂದಳು.

ಬಾಲ್ದುರ್ ಫೋನಿನತ್ತ ನುಗ್ಗಿದ. ಸುಮ್ಮನಿದ್ದರೆ ಹೆಂಡತಿ ಹೋಗುತ್ತಾಳೆ. ಬಾಯಿಬಿಟ್ಟರೆ ಮಾನ ಹೋಗುತ್ತದೆ.

"ಫೋನ್ ಇಡಿ! ಅದು ನಂಜಲ್ಲ... ಸೀಸ!"

ಕತ್ತರಿ ತಂದು ಅಂಚು ಬಿಚ್ಚಿದ್ದೇ ತಡ, ಗುಂಡುಗಳು ನೆಲದ ತುಂಬ ಉರುಳಿದವು. ಮಾರ್ಲೀನ್ ಮತ್ತೆ ತೂಗಿದಳು, ರಕ್ತದೊತ್ತಡವನ್ನೂ ನೋಡಿದಳು.

"ಎಷ್ಟು ಏರಬೇಕಿತ್ತೋ ಅಷ್ಟೇ ಏರಿದೆ! ಆರಾಮಾಗಿ ಮನೇಲೇ ಇರಮ್ಮ. ಇವರನ್ನ ಮಾತ್ರ ಮುಂದಿನ ಸಲ ಹೊರಗೇ ನಿಲ್ಲಿಸು."

ಲೋವೀಸಾ ಅತ್ತಳು, ನಕ್ಕಳು, ಮತ್ತೆ ಅತ್ತಳು. ಆಮೇಲೆ ಗುಂಡುಗಳನ್ನೆಲ್ಲ ಗಂಡನ ಕೈಲೇ ಹೆಕ್ಕಿಸಿದಳು. ಮನೆಗೆ ಬಂದು, ಅವನ ಕೈಲೇ ಅವನ್ನು ಮತ್ತೆ ಅಂಚಿಗೆ ಹೊಲಿಸಿದಳು.

"ಹೆರಿಗೆ ಆಗೋವರೆಗೂ ಇದನ್ನ ನೀನೇ ಹಾಕ್ಕೋ."

ಮರುದಿನ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಲಾಬಿ ಬಣ್ಣದ ಸ್ವೆಟರು ಕಂಡು ಮಂಜುಗಡ್ಡೆ ಕೊರೆದು ಬಲೆ ಇಳಿಸುತ್ತಿದ್ದ ಬೆಸ್ತರೆಲ್ಲ ಕೆಲಸ ಬಿಟ್ಟು ನಿಂತರು. ಸಂಜೆ ಬಾಲ್ದುರ್ ಸೊಂಟ ಹಿಡಿದುಕೊಂಡು ಒಳಬಂದ.

"ಬೆನ್ನು ಎಳೀತಾ ಇದೆ ಕಣೇ."

"ಮಗು ಬೆಳೀತಾ ಇದೆ, ಬಂಗಾರ" ಎಂದು ಲೋವೀಸಾ ಕೇಕಿನ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು.