ಶಾಶ್ವತ ಉದ್ಯೋಗ

ಶಿವಪುತ್ರ ಒಂಬತ್ತು ವರ್ಷಗಳಿಂದ ಟೆಂಪರರಿ. ಈ ಭೂಮಿಯ ಮೇಲೆ ಎಲ್ಲರೂ ಟೆಂಪರರಿಯೇ ಎಂದು ಅವನಿಗೆ ಸಮಾಧಾನ ಹೇಳಿದವರು ಬಹಳ ಮಂದಿ. (ಹಾಗೆ ಹೇಳಿದವರೆಲ್ಲ ಕಾಯಂ ನೌಕರಿಯವರು ಎಂಬುದನ್ನು ಮರೆಯಬಾರದು.) ಜತ್ತ ರಸ್ತೆಯಲ್ಲಿ ಸೋಮನಿಂಗಪ್ಪನವರ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಇದೆ. ಅದರ ಗೇಟಿನಲ್ಲಿ ಶಿವಪುತ್ರನಿಗೆ ಒಂದು ಮೇಜು, ಕಾಲು ಅಲ್ಲಾಡುವ ಒಂದು ಕುರ್ಚಿ, ಮೂರು ಬಣ್ಣದ ಒಂದು ಚೀಟಿ ಪುಸ್ತಕ. ಗಾಡಿ ಬಂದರೆ ಅದರ ನಂಬರು, ಡ್ರೈವರನ ಹೆಸರು, ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು ಎಂದು ಬರೆಯಬೇಕು. ಬಿಳಿ ಚೀಟಿ ಡ್ರೈವರನಿಗೆ, ಗುಲಾಬಿ ಚೀಟಿ ಗೋಡೆಯ ಮೊಳೆಗೆ, ಹಳದಿ ಚೀಟಿ ಪುಸ್ತಕದಲ್ಲಿಯೇ. ಹಾಜರಿ ಪುಸ್ತಕದಲ್ಲಿ ಉಳಿದವರ ಹೆಸರು ಮಸಿಯಲ್ಲಿ, ಇವನದು ಮಾತ್ರ ಪೆನ್ಸಿಲಿನಲ್ಲಿ.

ಇದರಿಂದ ಶಿವಪುತ್ರನಿಗಾದ ಸಂಕಟಕ್ಕಿಂತ ಅವನ ಮಾವ ಗುರುಸಿದ್ದಪ್ಪನವರಿಗಾದ ಸಂಕಟ ದೊಡ್ಡದು. ಅವರು ಇಂಡಿ ಕಡೆಯವರು, ಕರ್ನಾಟಕದ ಪ್ರಜೆ. ಮಗಳು ಅನುರಾಧಾಳನ್ನು ಗಡಿ ದಾಟಿಸಿ ಮಹಾರಾಷ್ಟ್ರದ ಕರಜಗಿಗೆ ಕೊಡುವಾಗ ಹುಡುಗ ಬರುವ ದೀಪಾವಳಿಗೆ ಪರ್ಮನೆಂಟ್ ಆಗುತ್ತಾನೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರು. ಯಾವ ದೀಪಾವಳಿ ಎಂದು ಇವರು ಕೇಳಿರಲಿಲ್ಲ. ಅಂದಿನಿಂದ ಬಂದಾಗಲೆಲ್ಲ, ಅಳಿಯ ಎದುರಿಗೇ ಕೂತಿದ್ದರೂ, ಅವರು ಮಗಳ ಕಡೆ ತಿರುಗಿ "ಪರ್ಮನೆಂಟ್ ಆದ್ರೇನವಾ ಅವರು?" ಎಂದು ಕೇಳುವರು. ಕೇಳಿದ ಮೇಲೆಯೇ ನೀರು ಕುಡಿಯುವರು. ಶಿವಪುತ್ರ ಆಗೆಲ್ಲ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

ಹೀಗಿರಲು ಪರದೇಶದ ದ್ರಾಕ್ಷಿ ವ್ಯಾಪಾರಿಯೊಬ್ಬ ಬಂದು, ನಿಮ್ಮ ಧಂದೆ ಎಷ್ಟು ಸಸ್ಟೇನೇಬಲ್ ಎಂದು ಸೋಮನಿಂಗಪ್ಪನವರನ್ನು ಕೇಳಿದ. ಅವರು ಮೊದಲು ಅದು ಯಾವುದೋ ಹೊಸ ಟ್ಯಾಕ್ಸ್ ಎಂದುಕೊಂಡರು. ವ್ಯಾಪಾರಿ ತಿಳಿಸಿ ಹೇಳಿ ಹೋದ ಮೇಲೆ, ಈ ವಿದ್ಯೆ ಬಲ್ಲವನೊಬ್ಬ ನಮ್ಮಲ್ಲಿದ್ದರೆ ಅವನ ವಿಚಾರ ಮಾಡಬಹುದಿತ್ತು ಎಂದು ಗೇಟಿನ ಹತ್ತಿರ ನಿಂತು ಗೊಣಗಿದರು. ಶಿವಪುತ್ರನ ಕಿವಿ ನೆಟ್ಟಗಾಯಿತು. ಮೂವತ್ತಾರನೆಯ ವಯಸ್ಸಿನಲ್ಲಿ ಅವನೊಳಗಿನ ವಿದ್ಯಾರ್ಥಿ ಎದ್ದು ಕೂತ. ಅದೇ ವಾರ, ಪುಣೆಯ ಒಂದು ಸಂಸ್ಥೆ ಮೊಬೈಲಿನಲ್ಲಿ ಕಲಿಸುವ ಒಂದು ವರ್ಷದ ಕೋರ್ಸಿಗೆ ಹೆಸರು ಹಚ್ಚಿಬಿಟ್ಟ. ನೌಕರಿ ಮಾಡುತ್ತಲೇ ಓದಬಹುದಿತ್ತು. ಕೋರ್ಸು ಮರಾಠಿಯದು, ಹೆಸರು 'ಶಾಶ್ವತ ಉದ್ಯೋಗ ವ ತಂತ್ರಜ್ಞಾನ.'

ಅನರ್ಥ ಹುಟ್ಟಿದ್ದು ಇಲ್ಲಿಯೇ. ಮರಾಠಿಯಲ್ಲಿ ಉದ್ಯೋಗ ಎಂದರೆ ಧಂದೆ, ಕಾರಖಾನೆ. ಶಾಶ್ವತ ಎಂದರೆ ನೆಲ-ನೀರು ಕೆಡಿಸದೆ ಮುಂದೆಯೂ ನಡೆಯುವಂಥದು, ನಡುವಿನ ವ ಎಂದರೆ ಮತ್ತು. ಆದರೆ ಟಪಾಲಿನಲ್ಲಿ ಬಂದ ಪ್ರವೇಶಪತ್ರ ಮೊದಲು ಸಿಕ್ಕಿದ್ದು, ಆ ದಿನ ಮನೆಗೆ ಬಂದಿದ್ದ ಗುರುಸಿದ್ದಪ್ಪನವರ ಕೈಗೆ. ಶಾಲೆಯಲ್ಲಿ ಹಿಂದಿ ಕಲಿತ ಪುಣ್ಯಕ್ಕೆ ಅವರಿಗೆ ಮರಾಠಿ ಅಕ್ಷರ ಓದಲು ಬರುತ್ತಿತ್ತು, ಅರ್ಥ ಮಾತ್ರ ಕನ್ನಡದಲ್ಲಿಯೇ ಆಗುತ್ತಿತ್ತು. ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಶಾಶ್ವತ ಉದ್ಯೋಗ. ಅಂದ್ರ ಪರ್ಮನೆಂಟ್ ನೌಕರಿ," ಎಂದರು. "ಮುಂದ ತಂತ್ರ ಅಂತ ಬರದಾರ. ಇರಲಿ ಬಿಡ್ರಿ, ತಂತ್ರ ಮಾಡಲಾರದ ಈಗಿನ ಕಾಲದಾಗ ಯಾರಿಗಿ ನೌಕರಿ ಸಿಗತೈತಿ. ಅಳಿಯಂದಿರ, ಇಲ್ಲಿ ಬರ್ರಿ, ನನ್ನ ಬಾಜೂಕ ಕುಂದ್ರಿ."

ಒಂಬತ್ತು ವರ್ಷದಲ್ಲಿ ಮಾವ ನೇರವಾಗಿ ಅವನನ್ನು ಮಾತಾಡಿಸಿದ್ದು ಅದೇ ಮೊದಲು. ನಿಜ ಹೇಳಲೆಂದು ತೆರೆದ ಬಾಯಿಯನ್ನು ಶಿವಪುತ್ರ ಹಾಗೆಯೇ ಮುಚ್ಚಿಕೊಂಡು ಪಕ್ಕಕ್ಕೆ ಹೋಗಿ ಕೂತ. ಅನುರಾಧಾ ತಲೆ ತಗ್ಗಿಸಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು, ಅವಳ ಭುಜಗಳು ಅಲ್ಲಾಡುತ್ತಿದ್ದವು. ಪಾಪ, ಆನಂದಬಾಷ್ಪ ಎಂದುಕೊಂಡ ಇವನು. ಇವತ್ತಲ್ಲ ನಾಳೆ ಹೇಳಿದರಾಯಿತು, ವರ್ಷದೊಳಗೆ ನಿಜವಾಗಿಯೂ ಕಾಯಂ ಆಗಿಬಿಟ್ಟರೆ ಹೇಳುವ ಕೆಲಸವೇ ಇಲ್ಲ ಎಂದು ಲೆಕ್ಕ ಹಾಕಿದ.

ಆ ವರ್ಷ ಅವನು ಪಟ್ಟ ಚಡಪಡಿಕೆ ಅಷ್ಟಿಷ್ಟಲ್ಲ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬಸ್ಸಿನಲ್ಲಿ ಓದು, ಊಟದ ತಾಟಿನ ಮುಂದೆ ಓದು, ಗೇಟಿನಲ್ಲಿ ಒಂದು ಕಿವಿಗೆ ಪಾಠ ಇನ್ನೊಂದು ಕಿವಿಗೆ ಲಾರಿ. ಓದು ಕೈಕೊಟ್ಟರೆ ನೌಕರಿ ಪೆನ್ಸಿಲಿನಲ್ಲಿಯೇ ಉಳಿಯಿತು, ಮಾವನ ಮುಂದೆ ಮಾನ ಹೋಯಿತು ಎಂಬ ಭಯ ಅವನ ಹಾಸಿಗೆಯಲ್ಲಿ ಸದಾ ಕಾಲು ಚಾಚಿ ಮಲಗಿತ್ತು. ಆ ಭಯದಲ್ಲಿ ಒಂದು ದಿನ ಪಾಠ ಕೇಳುತ್ತ ಬರೆಯುತ್ತ ಡ್ರೈವರನ ಹೆಸರಿನ ಜಾಗದಲ್ಲಿ ಮಿಥೇನ್ ಎಂದು ಬರೆದುಬಿಟ್ಟ. ಆ ಮಿಥೇನ್ ಸೋಲಾಪುರ ಮುಟ್ಟಿ ತಿರುಗಿ ಬಂದರೂ ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಮಗ್ಗುಲಲ್ಲಿ. ಒಂದು ಭಾನುವಾರ ಬೆಳಿಗ್ಗೆ ಪ್ರಾಧ್ಯಾಪಕರು ಪುನರ್ಬಳಕೆಗೆ ಒಂದು ಉದಾಹರಣೆ ಕೊಡಿ ಎಂದು ಇವನನ್ನು ಕೇಳಿದರು. ಇವನು ಮೈಕು ತೆರೆದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಕೆಳಗಿನಿಂದ ಅನುರಾಧಾ, ನಿನ್ನೆಯ ಬದನೆಕಾಯಿ ಪಲ್ಯವೇ ಇದೆ, ಬಿಸಿ ಮಾಡಿದ್ದೇನೆ, ಉಣ್ಣಲು ಇಳಿದು ಬನ್ನಿ ಎಂದು ಕೂಗಿದಳು. ತರಗತಿಯಲ್ಲಿದ್ದ, ಕನ್ನಡ ಬಲ್ಲ ಅಕ್ಕಲಕೋಟೆಯವನೊಬ್ಬ ಅದನ್ನು ಭಾಷೆ ಕೆಡದಂತೆ ಮರಾಠಿಗೆ ತಂದ. ಪ್ರಾಧ್ಯಾಪಕರು ಶಿವಪುತ್ರನಿಗೆ ಪೂರ್ತಿ ಅಂಕ ಕೊಟ್ಟರು.

ಅಂಕ ತಲೆಗೇರಿತು. ಕಲಿತದ್ದನ್ನು ಮನೆಯ ಮೇಲೆ ಪ್ರಯೋಗಿಸಲು ಹೊರಟ. ಇಂಧನ ಪೋಲಾಗಬಾರದು ಎಂದ. ಅನುರಾಧಾ ಹೌದೆಂದು ತಲೆದೂಗಿ ಮರುದಿನದಿಂದ ಅವನ ಎರಡನೆಯ ಚಹಾ ನಿಲ್ಲಿಸಿದಳು. ನೀರು ಕಾಯಿಸುವುದೇ ಭೂಮಿಗೆ ಭಾರ ಎಂದ. ತಣ್ಣೀರು ಬಂತು. ಪೆಟ್ರೋಲಿನ ಬಗ್ಗೆ ಅರ್ಧ ತಾಸು ಪ್ರವಚನ ಕೊಟ್ಟ. ಅವಳು ಗಾಡಿಯ ಕೀಲಿ ತೆಗೆದುಕೊಂಡಳು. ಹೇಗೂ ಬಸ್ ನಿಲ್ದಾಣದ ಹತ್ತಿರ ಅವಳ ಹೊಲಿಗೆ ಅಂಗಡಿ ಇತ್ತು, ಬಟ್ಟೆಯ ಗಂಟು ಹೊರುವವಳು ತಾನು, ಇವನು ಹೊರುವುದು ಜ್ಞಾನ ಮಾತ್ರ, ಜ್ಞಾನಕ್ಕೆ ಗಾಡಿ ಯಾಕೆ ಎಂದಳು. ಇಸ್ತ್ರಿಗೆ ಕರೆಂಟು ಬೇಕು ಎಂದು ಇವನು ಬಾಯಿ ಬಿಡಲೇ ಇಲ್ಲ, ಆದರೂ ಇಸ್ತ್ರಿ ನಿಂತಿತು. ಭೂಮಿಯನ್ನು ಉಳಿಸುವ ಕೆಲಸದಲ್ಲಿ ಆ ಮನೆಯಲ್ಲಿ ಸವೆಯುತ್ತಿದ್ದವನು ಒಬ್ಬನೇ.

ಕೊನೆಗೆ ಪ್ರಾಜೆಕ್ಟ್ ಬಂತು. ತಾನು ದುಡಿಯುವ ಜಾಗದಲ್ಲಿ ಏನೇನು ವ್ಯರ್ಥವಾಗುತ್ತಿದೆ ಎಂದು ನೋಡಿ ಬರೆದು, ಮಾಲಕರ ಸಹಿ ಹಾಕಿಸಿ ಕಳಿಸಬೇಕು. ಶಿವಪುತ್ರ ಉಸಿರು ಬಿಗಿಹಿಡಿದು ಮೂವತ್ತು ಪುಟ ಬರೆದ. ಅದರ ಮುಕುಟಮಣಿ ಹನ್ನೊಂದನೆಯ ಪುಟ. ಗೇಟಿನಲ್ಲಿ ಒಂದೊಂದು ಗಾಡಿಗೆ ಮೂರು ಮೂರು ಚೀಟಿ ಹರಿಯುತ್ತಾರೆ. ಬಿಳಿಯದನ್ನು ಡ್ರೈವರ್ ರಸ್ತೆಗೆ ಎಸೆಯುತ್ತಾನೆ, ಗುಲಾಬಿಯದು ಮೊಳೆಯಲ್ಲಿ ಬಾಡುತ್ತದೆ, ಹಳದಿಯದನ್ನು ಗೆದ್ದಲು ತಿನ್ನುತ್ತದೆ. (ಮಿಥೇನನ ಪ್ರಯಾಣವನ್ನು ಸಾಕ್ಷಿಯಾಗಿ ಕೊಟ್ಟಿದ್ದ.) ವಾಚಮನ್ ತನ್ನ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದರೆ ಸಾಕು, ಈ ಕೆಲಸ ಸಂಪೂರ್ಣ ಅನಾವಶ್ಯಕ ಎಂದು ಬರೆದು ಕೆಳಗೆ ಗೆರೆ ಎಳೆದ. ಪುಟ ತುಂಬಿಸಲು, ಪ್ಲಾಸ್ಟಿಕ್ ಪೊಟ್ಟಣ ಬಿಟ್ಟು ಹೊಲಿಗೆಯ ತುಂಡುಬಟ್ಟೆಯಿಂದ ಚೀಲ ಮಾಡಿಸಬಹುದು ಎಂದೂ ಒಂದು ಕಡೆ ಸೇರಿಸಿ, ಮಾದರಿಗೆ ಅನುರಾಧಾ ಹೊಲಿದ ಚೀಲವೊಂದನ್ನು ಹಚ್ಚಿದ.

ನೂರಕ್ಕೆ ತೊಂಬತ್ತೆರಡು ಬಂತು. ಶನಿವಾರ ಪ್ರಮಾಣಪತ್ರವೂ ಬಂತು. ಅದೇ ಸಂಜೆ ಸೋಮನಿಂಗಪ್ಪನವರು, ಸೋಮವಾರ ಬೆಳಿಗ್ಗೆ ಆಫೀಸಿನೊಳಗೆ ಬಂದು ಕಾಣು, ನಿನ್ನ ವಿಚಾರ ಮಾಡಿದ್ದೇನೆ ಎಂದು ಫೋನು ಮಾಡಿದರು. ಶಿವಪುತ್ರ ತೇಲಾಡಿದ. ಅತ್ತ ಅನುರಾಧಾಳಿಂದ ಪ್ರಮಾಣಪತ್ರದ ಸುದ್ದಿ ತಿಳಿದ ಗುರುಸಿದ್ದಪ್ಪನವರು, ಸೋಮವಾರ ಒಳ್ಳೆಯ ದಿನ, ನಾಲ್ಕು ಮಂದಿ ಹಿರಿಯರೊಂದಿಗೆ ಬಂದು ಅಳಿಯನಿಗೆ ರುಮಾಲು ಸುತ್ತಿ, ಉಡುಗೊರೆ ಕೊಟ್ಟು ಆಯೇರಿ ಮಾಡುವುದಾಗಿ ಹೇಳಿ ಕಳಿಸಿದರು. ಬರಲಿ, ಮಧ್ಯಾಹ್ನದೊಳಗೆ ಸುಳ್ಳೇ ಸತ್ಯವಾಗಿರುತ್ತದೆ ಎಂದು ಇವನು ಸುಮ್ಮನಾದ.

ಸೋಮವಾರ ಸೋಮನಿಂಗಪ್ಪನವರು ಅವನಿಗೆ ಕುರ್ಚಿ ತೋರಿಸಿದರು. ಆ ಕುರ್ಚಿಯ ಕಾಲು ಅಲ್ಲಾಡುತ್ತಿರಲಿಲ್ಲ.

"ನಿನ್ನ ರಿಪೋರ್ಟ್ ಪೂರಾ ಓದೀನಿ. ಒಂದೊಂದು ಮಾತು ಖರೆ ಬರದಿ," ಎಂದರು. "ಈ ಒಂದನೇ ತಾರೀಖಿನಿಂದ ಗೇಟಿನ ಚೀಟಿ ಬಂದ್. ವಾಚಮನ್‌ಗ ಹೇಳೀನಿ, ಫೋಟೋ ಹೊಡೀತಾನ."

ಶಿವಪುತ್ರ ಸಂತೋಷದಿಂದ ತಲೆ ಆಡಿಸಿದ. ಎರಡು ಸಲ ಆಡಿಸಿದ. ಮೂರನೆಯ ಸಲ ತಲೆ ಅರ್ಧಕ್ಕೆ ನಿಂತಿತು.

"ಹಂಗಾರ ನಾ ಏನ್ ಮಾಡಬೇಕ್ರಿ ಮಾಲಕ್ರ?"

ಸೋಮನಿಂಗಪ್ಪನವರು ರಿಪೋರ್ಟನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಪುಟ ತಿರುವಿದರು. ಮತ್ತೆ ಕೊನೆಯಿಂದ ಮೊದಲಿಗೆ ಬಂದರು. "ಅದನ್ನ ನೀ ಎಲ್ಲೂ ಬರದಿಲ್ಲಲೋ," ಎಂದರು, ನಿಜವಾದ ಬೇಸರದಿಂದ. ಬಟ್ಟೆಚೀಲದ ವಿಚಾರ ಮಾತ್ರ ವ್ಯಾಪಾರಿಗೆ ಬಹಳ ಹಿಡಿಸಿದೆ, ನಿಮ್ಮ ಮನೆಯವರಿಗೆ ಆಗಲೇ ಫೋನು ಮಾಡಿದ್ದೇನೆ ಎಂದೂ ಏನೇನೋ ಹೇಳಿದರು. ಅದು ಇವನ ಕಿವಿಯವರೆಗೆ ಬಂತು, ಒಳಗೆ ಇಳಿಯಲಿಲ್ಲ.

ಬಸ್ಸಿನಲ್ಲಿ ಅವನಿಗೆ ಅಳು ಬಂತು. ಒಂದು ವರ್ಷ ಹಗಲು ರಾತ್ರಿಯೆನ್ನದೆ ಓದಿ, ತಣ್ಣೀರು ಮಿಂದು, ಎರಡನೆಯ ಚಹಾ ಬಿಟ್ಟು, ತನ್ನ ಕುರ್ಚಿಯನ್ನು ತಾನೇ ತೊಂಬತ್ತೆರಡು ಅಂಕದೊಂದಿಗೆ ತೆಗೆದು ಹಾಕಿದ್ದ. ಪೆನ್ಸಿಲಿನ ಹೆಸರು ಅಳಿಸಲು ರಬ್ಬರು ಕೊಟ್ಟವನೂ ತಾನೇ. ಮನೆಯ ಮುಂದೆ ಇಂಡಿಯಿಂದ ಬಂದ ಟಂಟಂ ರಿಕ್ಷಾ ನಿಂತಿತ್ತು.

ಒಳಗೆ ಕಂಬಳಿ ಹಾಸಿತ್ತು. ನಾಲ್ವರು ಹಿರಿಯರು ಎಲೆ-ಅಡಕೆ ಮೆಲ್ಲುತ್ತ ಕೂತಿದ್ದರು. ತಾಟಿನಲ್ಲಿ ತೆಂಗಿನಕಾಯಿ, ಧೋತರ, ಕೇಸರಿ ರುಮಾಲು. ಬಾಗಿಲಲ್ಲಿ ಅವನು ಏನೋ ಹೇಳಲು ಹೋದ, ಇಬ್ಬರು ರಟ್ಟೆ ಹಿಡಿದು ಕಂಬಳಿಯ ಮೇಲೆ ಕೂರಿಸಿದರು. ಗುರುಸಿದ್ದಪ್ಪನವರು ರುಮಾಲಿನ ತುದಿ ಬಿಚ್ಚಿ ಮೊದಲ ಸುತ್ತು ಹಾಕಿದರು. ಎರಡನೆಯ ಸುತ್ತು ಹಾಕುತ್ತ ಹಿರಿಯರತ್ತ ತಿರುಗಿ, ನಮ್ಮ ಅಳಿಯಂದಿರು ಎಂದು ನಕ್ಕರು. ಮುದುಕನ ಆ ಸಂತೋಷವನ್ನು ಹತ್ತಿರದಿಂದ ನೋಡಿದ ಮೇಲೆ ಶಿವಪುತ್ರನಿಗೆ ತಡೆಯಲಾಗಲಿಲ್ಲ. ರುಮಾಲು ಒಂದು ಕಣ್ಣು ಮುಚ್ಚಿತ್ತು, ಉಳಿದ ಒಂದೇ ಕಣ್ಣಿನಲ್ಲಿ ಮಾವನನ್ನು ನೋಡಿದ.

"ಮಾವಾರ, ನಿಲ್ರಿ. ನನಗ ಸಿಕ್ಕದ್ದು ನೌಕರಿ ಅಲ್ರಿ. ಮರಾಠ್ಯಾಗ ಉದ್ಯೋಗ ಅಂದ್ರ ಧಂದೆ. ಅದನ್ನ ನೆಲಾ-ನೀರು ಕೆಡಿಸಲಾರದ ಹೆಂಗ ನಡಸೂದು ಅಂತ ಓದೀನಿ, ಅಷ್ಟ. ನೀವು ತಪ್ಪ ಓದಿದ್ರಿ, ನಾ ಸುಮ್ಮ ಕುಂತ್ನಿ. ಕಾಯಂ ಅಂತೂ ಆಗಿಲ್ಲ, ಇದ್ದ ನೌಕರಿನೂ ಇವತ್ತ ಮುಂಜಾನಿ ಹೋತು."

ಗುರುಸಿದ್ದಪ್ಪನವರು ರುಮಾಲಿನ ಇನ್ನೊಂದು ತುದಿ ಹಿಡಿದುಕೊಂಡೇ ಮಗಳ ಕಡೆ ತಿರುಗಿದರು. ನಿನಗಾದರೂ ಗೊತ್ತಿತ್ತೇ ಎಂದು ಕೇಳಿದರು.

"ಅಪ್ಪಾ, ನಾ ಈ ಕಡಿ ಬಂದು ಹತ್ತ ವರ್ಷ ಆತು," ಎಂದಳು ಅನುರಾಧಾ. "ದಿನಾ ಮರಾಠ್ಯಾಗ ಅಳತಿ ತಗೋತೀನಿ, ಮರಾಠ್ಯಾಗ ಜಗಳಾಡ್ತೀನಿ. ಅಷ್ಟು ತಿಳಿಯಂಗಿಲ್ಲೇನ ನನಗ?"

ಹಾಗಾದರೆ ಆ ದಿನ ಭುಜ ಅಲ್ಲಾಡಿದ್ದು ನಗುವಿಗೆ. ಯಾಕೆ ಹೇಳಲಿಲ್ಲ ಎಂದು ಶಿವಪುತ್ರ ಬಡಬಡಿಸಿದ. ಅವಳು ಮುಚ್ಚುಮರೆ ಮಾಡಲಿಲ್ಲ. ಓದು ಶುರುವಾದ ಮೇಲೆ ಇವರು ಅಂಗಡಿಗೆ ಬಂದು ಕುಪ್ಪಸ ಹೇಗೆ ಕತ್ತರಿಸಬೇಕೆಂದು ತನಗೆ ಕಲಿಸುವುದನ್ನು ಬಿಟ್ಟಿದ್ದರು, ಅಂಥ ನೆಮ್ಮದಿಯ ವರ್ಷ ತಾನು ಮದುವೆಯಾದ ಮೇಲೆ ಕಂಡಿರಲಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು. "ನೀವಾಗೇ ಹೇಳ್ತೀರೇನು ಅಂತ ಕಾದ್ನಿ. ಇವತ್ತರೆ ಹೇಳಿದ್ರಿ." ಶಿವಪುತ್ರನಿಗೆ ಆ ವರ್ಷದಲ್ಲಿ ಮೊದಲ ಬಾರಿಗೆ ಕೂತಲ್ಲಿ ಕೂತಿರುವುದು ಸಾಧ್ಯವಾಯಿತು.

ನಂತರ ಅವಳು ಸುದ್ದಿ ಹೇಳಿದಳು. ಸೋಮನಿಂಗಪ್ಪನವರು ಐದು ಸಾವಿರ ಬಟ್ಟೆಚೀಲಕ್ಕೆ ಹೇಳಿದ್ದಾರೆ, ಸುಗ್ಗಿ ಸುಗ್ಗಿಗೆ ಬೇಕಂತೆ, ಎರಡು ಹೊಸ ಮಶಿನ್ ತರಬೇಕು, ಕೈಯಾಳು ಬೇಕು. ಹಿರಿಯರಲ್ಲಿ ಒಬ್ಬರು ಬಾಯಲ್ಲಿದ್ದ ಎಲೆಯನ್ನು ಕೆನ್ನೆಗೆ ಸರಿಸಿ, ಹಾಗಾದರೆ ಮರಾಠಿ ಲೆಕ್ಕದಲ್ಲಿ ಈ ಮನೆಯಲ್ಲಿ ಉದ್ಯೋಗ ಇರುವುದು ಮಗಳಿಗೆ ಎಂದರು. ತಾಟಿಗಿಟ್ಟು ತಂದ ಆಯೇರಿಯನ್ನು ತಿರುಗಿ ಒಯ್ಯುವ ಪದ್ಧತಿ ಇಲ್ಲ. ಗುರುಸಿದ್ದಪ್ಪನವರು ಅಳಿಯನ ತಲೆಯಿಂದ ರುಮಾಲನ್ನು ಒಂದೊಂದೇ ಸುತ್ತು ಬಿಚ್ಚಿ, ಮಗಳ ಸೆರಗಿನ ಮೇಲೆಯೇ ಸುತ್ತಿದರು. ಕೊರಳಲ್ಲಿ ಅಳತೆಯ ಟೇಪು, ತಲೆಯ ಮೇಲೆ ಕೇಸರಿ ರುಮಾಲು, ಅನುರಾಧಾ ಬಗ್ಗಿ ಎಲ್ಲರಿಗೂ ನಮಸ್ಕಾರ ಮಾಡಿದಳು.

ಬರಿದಲೆಯಲ್ಲಿ ಕೂತ ಅಳಿಯನನ್ನು ಕಂಡು ಗುರುಸಿದ್ದಪ್ಪನವರಿಗೆ ಕನಿಕರ ಬಂತು. ಹೇಗೂ ಆಳು ಬೇಕು ಎಂದಿಯಲ್ಲ, ಇವರನ್ನೇ ಇಟ್ಟುಕೋ, ಪರ್ಮನೆಂಟ್ ಮಾಡಿಬಿಡು ಎಂದು ಮಗಳಿಗೆ ಶಿಫಾರಸು ಮಾಡಿದರು. ಅನುರಾಧಾ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಚೀಲಕ್ಕ ಲಾಡಿ ಪೋಣಸಾಕ ಬರತೈತೇನ್ರಿ?"

ಬರುವುದಿಲ್ಲ, ಕಲಿಯುತ್ತೇನೆ ಎಂದ ಶಿವಪುತ್ರ.

"ಹಂಗಾರ ಸದ್ಯಕ್ಕ ಟೆಂಪರರಿ ತಗೋತೀನಪಾ," ಎಂದಳು ಅವಳು ಅಪ್ಪನಿಗೆ. "ಒಂದೆರಡು ಸುಗ್ಗಿ ಕೆಲಸ ನೋಡಿ ಹೇಳ್ತೀನಿ."