ಮುದ್ದೆ ಅಗಿದ ಡಾಕ್ಟರು

ನಮ್ಮ ಸೋದರತ್ತೆಯ ಮನೆಗೆ ಊಟಕ್ಕೆ ಹೋಗುವವರು ಜೊತೆಯಲ್ಲಿ ಉಪ್ಪಿನ ಪೊಟ್ಟಣ ಒಯ್ಯಬೇಕು! ನಾವೆಲ್ಲ ಒಯ್ಯುತ್ತಿದ್ದೆವು. ಅದನ್ನು ಬಿಚ್ಚುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಮಾವನಿಗೆ ಬಿ.ಪಿ. ಇದೆಯೆಂದು ಗೊತ್ತಾದ ದಿನವೇ ಹಲಸೂರಿನ ಆ ಮನೆಯಿಂದ ಉಪ್ಪು ಗಡೀಪಾರಾಗಿತ್ತು. ಅವರೊಬ್ಬರೇ ಏಕೆ ಸಪ್ಪೆ ತಿನ್ನಬೇಕು, ಎಲ್ಲರೂ ತಿನ್ನಲಿ ಎಂಬುದು ಅತ್ತೆಯ ನ್ಯಾಯ. ಎಲ್ಲರೂ ಎಂದರೆ, ಹಬ್ಬಕ್ಕೆ ಬಂದ ಬೀಗರೂ!

ಇಂಥ ಅತ್ತೆಯ ಉದ್ಯೋಗ ಏನು ಗೊತ್ತೇ? ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ, ಡಾಕ್ಟರಾಗಲು ಕಲಿಯುತ್ತಿದ್ದ ಹುಡುಗ ಹುಡುಗಿಯರಿಗೆ ಊಟದ ಪಾಠ ಹೇಳುವುದು. ತೊಂಬತ್ತರ ದಶಕದಲ್ಲಿ ಆ ಪಾಠಕ್ಕೆ ಅಂಥ ಮರ್ಯಾದೆಯೇನೂ ಇರಲಿಲ್ಲ. ಹೃದಯ, ಮೆದುಳು ಓದುವವರಿಗೆ ಸೊಪ್ಪಿನ ವಿಚಾರ ಏಕೆ? ಹಿಂದಿನ ಬೆಂಚಿನಲ್ಲಿ ಎಲ್ಲರಿಗೂ ನಿದ್ದೆ. ಅತ್ತೆ ಒಂದು ಕಾನೂನು ಮಾಡಿದರು: ರೋಗಿಗೆ ಪಥ್ಯ ಬರೆಯುವವನು ಮೊದಲು ತಾನು ಅದನ್ನು ತಿನ್ನಬೇಕು. ನಿದ್ದೆ ಹೋಯಿತು. ಹಸಿವೂ ಹೋಯಿತು!

ಒಮ್ಮೆ ಕುಕ್ ಟೌನಿನ ಹುಡುಗನೊಬ್ಬ, ಕೆ.ಆರ್. ಪುರದಿಂದ ಬಂದಿದ್ದ ಗಾರೆ ಕೆಲಸದವರೊಬ್ಬರಿಗೆ ದಿನಾ ಬೆಳಗ್ಗೆ ಓಟ್ಸ್ ತಿನ್ನಲು ಹೇಳಿದ.

“ಓಟ್ಸಾ? ಕೆ.ಆರ್. ಪುರದ ಸಂತೇಲಿ ಅದನ್ನ ಯಾವ ಸೊಪ್ಪಿನ ಪಕ್ಕ ಇಟ್ಟಿರ್ತಾರಪ್ಪಾ?” ಎಂದು ಅತ್ತೆ ಕೇಳಿದರು.

“ಸಾರಿ ಮ್ಯಾಮ್. ಮತ್ತೆ ಅವ್ರು ಏನ್ ತಿಂತಾರೆ?”

“ಮುದ್ದೆ. ನೀನು ತಿಂದಿದೀಯಾ?”

“ನೋಡಿದೀನಿ ಮ್ಯಾಮ್.”

“ಭಾನುವಾರ ಮನೆಗೆ ಬಾ.”

ಬಂದ. ಬಡಿಸಿದವಳು ನಾನೇ. ಅವನು ಮುದ್ದೆಯನ್ನು ಅಗಿಯತೊಡಗಿದ. ಮುದ್ದೆಯನ್ನು ಅಗಿಯುವುದೇ! ಅದು ಹಲ್ಲಿಗೆ ಮೆತ್ತಿಕೊಂಡು, ಅಂಗುಳಕ್ಕೆ ಅಂಟಿ, ಬಾಯಿ ತೆರೆಯಲಾಗದೆ ಅವನು ಕಣ್ಣಿನಲ್ಲೇ ‘ಮ್ಯಾಮ್’ ಎಂದ. ಮಾವ ನಕ್ಕು ನಕ್ಕು ಕೆಮ್ಮುತ್ತಲೇ ಹೇಳಿದರು:

“ಹಲ್ಲಿಗೆ ರಜಾ ಕೊಡಪ್ಪಾ! ಸಾರಲ್ಲಿ ಅದ್ದು, ಗಂಟಲಿಗೆ ಬಿಡು!”

ಕಲಿಯುವವರೆಗೆ ಅತ್ತೆ ಅವನನ್ನು ಏಳಗೊಡಲಿಲ್ಲ. ಕೊನೆಗೂ ನುಂಗಿದ. ಅದೂ ಉಪ್ಪಿಲ್ಲದ ಸಾರಿನಲ್ಲಿ ಅದ್ದಿ!

ಕೆಲವು ವರ್ಷಗಳ ನಂತರ ಅದೇ ಆಸ್ಪತ್ರೆಯಲ್ಲಿ ಮಾವನಿಗೆ ಹೃದಯದ ಆಪರೇಷನ್ ಆಯಿತು. ಆಮೇಲೆ ಅವರು ಊಟ ಬಿಟ್ಟರು. ಇಲ್ಲಿಂದ ಮುಂದೆ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಅತ್ತೆ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ತರುವರು. ಮಾವ ಮುಖವನ್ನು ಗೋಡೆಯ ಕಡೆಗೆ ತಿರುಗಿಸುವರು. ತಿನ್ನದಿದ್ದರೆ ಗಾಯ ಮಾಯುವುದಿಲ್ಲ, ಇವರು ಮೇಲೇಳುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಅದನ್ನು ಅತ್ತೆಗೆ ಹೇಳಬೇಕೇ? ಅಲ್ಲಿನವರಿಗೆಲ್ಲ ಆ ಪಾಠ ಹೇಳಿಕೊಟ್ಟವರೇ ಅವರು. “ಒಂದೇ ಒಂದು ತುತ್ತು, ರೀ” ಎಂದು ಬೇಡುವಾಗ ಅವರದು ಪಾಠ ಹೇಳುವ ದನಿಯಾಗಿರಲಿಲ್ಲ.

ಒಂದು ಮಧ್ಯಾಹ್ನ ಆ ಕುಕ್ ಟೌನಿನ ಹುಡುಗ ವಾರ್ಡಿಗೆ ಬಂದ. ಈಗ ಅವನು ಅಲ್ಲೇ ಡಾಕ್ಟರು. ಅತ್ತೆಯ ಕೈಯಲ್ಲಿ ಹಾಗೇ ಉಳಿದಿದ್ದ ಊಟದ ಡಬ್ಬಿಯನ್ನು ನೋಡಿದ. “ಹಸಿವು ಮ್ಯಾಮ್” ಎಂದು ಕೈ ತೊಳೆದು, ಸ್ಟೂಲ್ ಎಳೆದು ಕೂತು, ಡಬ್ಬಿಯಿಂದ ಒಂದು ತುತ್ತು ಮುದ್ದೆ ಮುರಿದು ಬಾಯಿಗಿಟ್ಟ. ಅಗಿದ. ಅಗಿಯುತ್ತಲೇ ಇದ್ದ. ಕಣ್ಣಲ್ಲಿ ನೀರು ಬಂತು.

ಗೋಡೆಯ ಕಡೆಗಿದ್ದ ಮುಖ ಈ ಕಡೆ ತಿರುಗಿತು.

“ಥೂ! ಇನ್ನೂ ಅಗೀತೀಯೇನಯ್ಯಾ?”

“ಮರ್ತೋಯ್ತು ಅಂಕಲ್. ಒಂದ್ಸಲ ತೋರಿಸಿ.”

“ಕೊಡಿಲ್ಲಿ! ನೋಡು, ಹೀಗೆ.”

ಮಾವ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು.

“ಸರಿಯಾಗಿ ಕಾಣ್ಲಿಲ್ಲ ಅಂಕಲ್. ಇನ್ನೊಂದ್ಸಲ?”

ಮತ್ತೆ ನುಂಗಿದರು. ಆ ಶಿಷ್ಯನಿಗೆ ಪಾಠ ಬೇಗ ಹತ್ತಲೇ ಇಲ್ಲ. ಅತ್ತೆ ಮಂಚದ ಕಂಬಿ ಹಿಡಿದು ನಿಂತಿದ್ದರು.

“ಎಂಥಾ ದಡ್ಡನಿಗೆ ಪಾಠ ಹೇಳಿದೀಯೇ!” ಎಂದು ಮಾವ ಅವರನ್ನು ಗದರಿದಾಗ ಡಬ್ಬಿ ಖಾಲಿಯಾಗಿತ್ತು.

ಅತ್ತೆಗೂ ಏನಾದರೂ ತಿನ್ನಿಸೋಣವೆಂದು ಕೆಳಗಿನ ಕ್ಯಾಂಟೀನಿಗೆ ಕರೆದೊಯ್ದೆ. ಅಲ್ಲಿ ಮೂಲೆಯ ಮೇಜಿನಲ್ಲಿ ಅವನೇ! ಮುಂದೆ ಬಿಸಿ ಮುದ್ದೆ. ಮುರಿಯುತ್ತಿದ್ದ, ಅದ್ದುತ್ತಿದ್ದ, ಸದ್ದಿಲ್ಲದೆ ನುಂಗುತ್ತಿದ್ದ, ಕೆ.ಆರ್. ಪುರದ ಆ ಗಾರೆ ಕೆಲಸದವರೂ ಮೆಚ್ಚಬೇಕು. ತಲೆಯೆತ್ತಿ ಅತ್ತೆಯನ್ನು ಕಂಡವನೇ ಗಾಬರಿಯಿಂದ ಬಾಯಲ್ಲಿದ್ದುದನ್ನು ಅಗಿಯತೊಡಗಿದ!

ಅತ್ತೆ ಹತ್ತಿರ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟರು.

“ನುಂಗಪ್ಪಾ” ಎಂದರು. “ಸಾಕು, ನುಂಗು.”