ಎಲೆ ಹಾಕಬೇಡಿ ಎಂದ ಸರ್ವರ್

ಕೆಲವರಿಗೆ ತಮ್ಮ ಮುಖ ಇಷ್ಟವಾಗುವುದಿಲ್ಲ. ನನಗೆ ನನ್ನ ದನಿ. ಅದಕ್ಕೇ ಸದಾ ಬೇರೆಯವರದನ್ನು ಎರವಲು ತಂದು ಮಾತಾಡುತ್ತೇನೆ. ಶಾಲೆಯಲ್ಲಿ ಮೇಷ್ಟ್ರ ದನಿಯಲ್ಲಿ ಹಾಜರಿ ಕೂಗಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿದ್ದೇನೆ. ಅಪ್ಪನ ಹಾಗೆ ಕೆಮ್ಮಿ ಅಮ್ಮನಿಂದ ಎರಡನೇ ಲೋಟ ಕಾಫಿ ಗಿಟ್ಟಿಸಿದ್ದೇನೆ. ಈಗ ಚನ್ನಪಟ್ಟಣದಲ್ಲಿ ವೆಬ್‌ಸೈಟ್ ಮಾಡಿಕೊಡುವ ಅಂಗಡಿಯಿದೆ. ಗಿರಾಕಿ ಫೋನ್ ಮಾಡಿದರೆ ಹೆಣ್ಣುದನಿಯಲ್ಲಿ ‘ಸಾರ್ ಮೀಟಿಂಗಲ್ಲಿದ್ದಾರೆ’ ಎನ್ನುವವನೂ ನಾನೇ, ಮೀಟಿಂಗ್ ಮುಗಿಸಿ ಬರುವ ಸಾರೂ ನಾನೇ.

ನನ್ನ ಚಿಕ್ಕಪ್ಪ ಬೈರಾಪಟ್ಟಣದಲ್ಲಿ ಚಾಕಿ ಕೇಂದ್ರ ನಡೆಸುತ್ತಾರೆ. ಅಂದರೆ ರೇಷ್ಮೆಹುಳುಗಳ ಬಾಲವಾಡಿ: ಮರಿಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವುದು. ಜ್ವರವೆಂದರೆ ಹುಳು ಪೊರೆ ಕಳಚಲು ಮೇವು ಬಿಟ್ಟು ಸುಮ್ಮನೆ ಕೂರುವ ದಿನ. ಆವತ್ತು ಹಿಪ್ಪುನೇರಳೆ ಸೊಪ್ಪು ಹಾಕಬಾರದು. ಇದನ್ನು ಹುಳು ಒಯ್ದ ಮನೆಮನೆಗೂ ಮುಂದಿನ ಪ್ರತಿ ಜ್ವರಕ್ಕೂ ಫೋನಿನಲ್ಲಿ ಹೇಳಿ ಹೇಳಿ ಚಿಕ್ಕಪ್ಪನ ಗಂಟಲು ಬತ್ತಿತ್ತು.

“ಲೇ ಮಂಜ, ಆ ನಿನ್ ಕಂಪ್ಯೂಟ್ರೇ ಫೋನ್ ಮಾಡಂಗೆ ಮಾಡ್ಲಾ” ಎಂದರು.

ಮಾಡಿದೆ. ಅವರ ದನಿಯಲ್ಲಿ ನಾನೇ ರೆಕಾರ್ಡ್ ಮಾಡಿದೆ: “ನಾನ್ ಕಣ್ರಪ್ಪ. ಜ್ವರ ಐತೆ. ಇವತ್ತು ಒಂದೆಲೆನೂ ಹಾಕ್ಬ್ಯಾಡಿ.” ಎಲ್ಲರಂತೆ ಸೊಪ್ಪು ಎನ್ನಬೇಕಿತ್ತು. ಎಲೆ ಎಂದರೆ ಸ್ವಲ್ಪ ನಾಜೂಕು ಅನ್ನಿಸಿತು.

ಯಾವ ಕೆಲಸ ಯಾವಾಗ ತಾನಾಗಿಯೇ ನಡೆಯಬೇಕೆಂದು ನಾನು ಬಾಡಿಗೆಗೆ ಹಿಡಿದ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ಹೇಳಲು ಐದು ಖಾನೆಗಳಿವೆ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಜ್ವರದ ದಿನ ಬೆಳಿಗ್ಗೆ ಒಂದು ಸಲ ಫೋನ್ ಹೋಗಲಿ ಎಂದು ಆ ತಾರೀಕು ಹಾಕಿ, ಗಂಟೆಯ ಖಾನೆಯಲ್ಲಿ ಆರು ಬರೆದೆ. ನಿಮಿಷದ ಖಾನೆಯಲ್ಲಿ ಮೊದಲೇ ಒಂದು ನಕ್ಷತ್ರ ಕೂತಿತ್ತು. ಲಕ್ಷಣವಾಗಿದೆ, ಇರಲಿ ಎಂದು ಬಿಟ್ಟೆ. ನಕ್ಷತ್ರವೆಂದರೆ ‘ಪ್ರತಿಯೊಂದೂ’ ಎಂದಂತೆ. ಆರು ಗಂಟೆಯ ಅರವತ್ತು ನಿಮಿಷವೂ ಫೋನ್ ಹೋಗುತ್ತದಂತೆ. ಸಾಲದ್ದಕ್ಕೆ ವಿದೇಶದಲ್ಲಿರುವ ಆ ಸರ್ವರಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅದಕ್ಕೆ ಆರು ಹೊಡೆಯುವಾಗ ನಮಗೆ ಹನ್ನೊಂದೂವರೆ.

ಆ ದಿನ ಹನ್ನೊಂದೂವರೆಗೆ ನಾನು, ಚಿಕ್ಕಪ್ಪ ಕೂಟಗಲ್‌ನಲ್ಲಿದ್ದೆವು. ಅವರ ಮಗಳು ಶ್ವೇತಾಳಿಗೆ ಗೊತ್ತುಮಾಡಲಿದ್ದ ಗಂಡಿನ ಮನೆ ನೋಡಲು ಹೋಗಿದ್ದು. ಅವರೂ ಚಿಕ್ಕಪ್ಪನಿಂದ ಹುಳು ಒಯ್ದವರೇ. ನಮ್ಮ ಕಡೆ ಗಂಡಿನ ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಂಡರೆ ಸಂಬಂಧ ಒಪ್ಪಿದಂತೆ. ಉಣ್ಣದೆ ಎದ್ದರೆ ಬೇಡವೆಂದಂತೆ. ಶ್ವೇತಾಳಿಗೆ ಹುಡುಗ ಆಗಲೇ ಹಿಡಿಸಿದ್ದ. “ಅಣ್ಣ, ಅಪ್ಪನ್ನ ಉಣ್ಣಿಸ್ಕಂಡೇ ಬಾ” ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು.

ಒಳಗೆ ಫೋನ್ ರಿಂಗಾಯಿತು. ಹುಡುಗನ ಅಜ್ಜಿ ಮುಖ ಊದಿಸಿಕೊಂಡು ಹೊರಬಂದರು.

“ಏನ್ ಗೌಡ್ರೆ, ಸಂಬಂಧ ಬ್ಯಾಡ ಅಂದ್ರೆ ಎದುರ್ಗೇ ಅನ್ನಿ. ಜಗುಲೀಲಿ ಕುಂತ್ಕಂಡು ಅಡ್ಗೆಮನೆಗೆ ಫೋನ್ ಮಾಡಿ ಎಲೆ ಹಾಕ್ಬ್ಯಾಡಿ ಅಂತೀರಲ್ಲ!”

“ನಾನಾ? ನಾನ್ಯಾವಾಗವ್ವ ಅಂದೆ?”

“ಜ್ವರ ಬ್ಯಾರೆ ಅಂತೆ! ಎಲ್ಡ್ ಚೊಂಬು ಮಜ್ಗೆ ಕುಡುದ್ರಲ್ಲ, ಆಗ ಇರ್ನಿಲ್ವಾ ಜ್ವರ?”

ಅಷ್ಟರಲ್ಲಿ ಮುಂದಿನ ನಿಮಿಷ ಬಂತು. ಅಜ್ಜಿ ಸ್ಪೀಕರ್ ಹಾಕಿ ಹಿಡಿದರು. “ನಾನ್ ಕಣ್ರಪ್ಪ...” ಚಿಕ್ಕಪ್ಪ ತಮ್ಮ ಬಾಯನ್ನು ಮುಟ್ಟಿ ನೋಡಿಕೊಂಡರು. ಮುಚ್ಚಿಯೇ ಇತ್ತು. ನಾನು ಮೊಬೈಲಿನಲ್ಲಿ ಸರ್ವರ್ ತೆರೆಯಲು ಹೆಣಗುತ್ತಿದ್ದೆ. ಚಕ್ರ ಸುತ್ತುತ್ತಲೇ ಇತ್ತು. ಚಿಕ್ಕಪ್ಪ ಮೇಲುವಸ್ತ್ರ ಕೊಡವಿ ಎದ್ದರು. ಶ್ವೇತಾಳ ಸಂಬಂಧವೂ ಜೊತೆಗೇ ಎದ್ದಿತು.

ಬೇರೆ ದಾರಿ ಕಾಣದೆ, ಚಿಕ್ಕಪ್ಪನ ದನಿಯಲ್ಲೇ ತಪ್ಪೊಪ್ಪಿಕೊಂಡೆ: “ಹುಳದ್ ಜ್ವರ ಕಣವ್ವ, ನಂದಲ್ಲ. ಆ ಎಲೆ ಹುಳಕ್ಕೆ. ನಮ್ಗೆ ದೊಡ್ಡೆಲೆ ಹಾಕ್ಬುಡಿ.”

ಅಜ್ಜಿ ನನ್ನನ್ನು ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಸೆರಗು ಬಾಯಿಗಿಟ್ಟು ನಕ್ಕರು. “ಮನೆಗೆ ಬಾ, ನಿಂಗೈತೆ” ಎಂದು ಹಲ್ಲುಕಡಿದ ಚಿಕ್ಕಪ್ಪ ಎಲೆ ಬಂದಮೇಲೆ ಮೂರು ಮುದ್ದೆ ಉಂಡರು. ಸಂಬಂಧ ಗಟ್ಟಿಯಾಯಿತು. ಹದಿನೇಳನೇ ಫೋನಿಗೆ ಸರ್ವರ್ ತೆರೆದುಕೊಂಡಿತು. ಆ ಐದು ಖಾನೆಯ ಸಾಲು ಅಳಿಸಿದೆ.

ಹೊರಡುವಾಗ ಅಜ್ಜಿ ನನ್ನ ತೋಳು ಹಿಡಿದರು. “ಧಾರೆ ದಿನ ನೀನು ಬಾಯ್ ಬುಡ್ಕೂಡ್ದು ಕಣ್ಲಾ. ಅಯ್ನೋರ್ ದನಿ, ಮದ್ಲಿಂಗನ್ ದನಿ, ಯಾರ್ದೂ ಬ್ಯಾಡ. ಒಪ್ಕಂಡ್ಯಾ?”

“ಒಪ್ಕಂಡೆ ಕಣವ್ವ” ಎಂದೆ, ತುಂಬು ಮನಸ್ಸಿನಿಂದ. ಎಲ್ಲರೂ ತಿರುಗಿ ಅಜ್ಜಿಯ ಮುಖ ನೋಡಿದರು. ಆಗಲೇ ನನಗೂ ಗೊತ್ತಾದದ್ದು, ಒಪ್ಪಿಕೊಂಡಿದ್ದು ಅಜ್ಜಿಯದೇ ದನಿಯಲ್ಲಿ.